ಗಂಜಿಯೊಂದೇ ಸಾಲದು: ಶಸ್ತ್ರಚಿಕಿತ್ಸೆಯಾದವರ ಆಹಾರ ವಿಚಾರ

ಊರಿನಿಂದ ಮುಂಬಯಿಗೆ ಶಸ್ತ್ರಚಿಕಿತ್ಸೆಗೆಂದು ಬರುವ ನಮ್ಮವರ ಸಂಖ್ಯೆ ಕಡಿಮೆಯದಲ್ಲ. ಪರೇಲಿನ ದೊಡ್ಡ ಆಸ್ಪತ್ರೆಗಳ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತರೆ ಬೆಳಗಾವಿಯ ಕನ್ನಡವೂ ಕೇಳಿಸುತ್ತದೆ, ಮಂಗಳೂರಿನ ಕನ್ನಡವೂ ಕೇಳಿಸುತ್ತದೆ. ಹೀಗೆ ಬಂದವರು ಬಂಧುಗಳ ಮನೆಯಲ್ಲಿಯೋ ಧರ್ಮಶಾಲೆಯಲ್ಲಿಯೋ ಉಳಿದುಕೊಂಡು, ಯಾವ ಡಾಕ್ಟರು ಒಳ್ಳೆಯವರು, ಖರ್ಚು ಎಷ್ಟು ಬಂದೀತು, ರಕ್ತ ಕೊಡುವವರು ಯಾರು ಎಂಬುದನ್ನೆಲ್ಲ ಚೆನ್ನಾಗಿ ವಿಚಾರಿಸಿಕೊಳ್ಳುತ್ತಾರೆ. ರೋಗಿಯು ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದು ಮನೆಯ ಹಿರಿಯರಿಗೆ ಗೊತ್ತಿರುವ ಸಂಗತಿ ಎಂದು ಬಿಟ್ಟುಬಿಡುತ್ತೇವೆ. ಹಿರಿಯರಾದರೋ ರೋಗಿಯ ಮೇಲಿನ ಮಮತೆಯಿಂದಲೇ ಹತ್ತು ದಿನ ಗಂಜಿ, ಸಾಬಕ್ಕಿ ಪಾಯಸ, ತಿಳಿಸಾರು ಅನ್ನ ಎಂದು ಪಥ್ಯ ಗೊತ್ತುಮಾಡುತ್ತಾರೆ. ಬೇಳೆ ಬೇಡ, ನಂಜಾಗುತ್ತದೆ. ಮೊಟ್ಟೆ ಬೇಡ, ಉಷ್ಣ. ಮೊಸರು ಬೇಡ, ಶೀತ.

ಈ ಪಥ್ಯದಿಂದ ರೋಗಿಗೆ ಆಗುವುದೇನು ಎಂಬುದನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ. ವೈದ್ಯರ ಮಾತನ್ನು ಮೀರಿ ನಡೆಯಿರಿ ಎಂದು ನಾವು ಹೇಳುವುದಿಲ್ಲ. ವೈದ್ಯರು ನಿಷೇಧಿಸದೆ ಇರುವುದನ್ನು ನಾವೇ ನಿಷೇಧಿಸಿಕೊಂಡು ರೋಗಿಯನ್ನು ಸೊರಗಿಸಬಾರದು ಎಂಬುದಷ್ಟೇ ನಮ್ಮ ವಿನಂತಿ.

ಗಾಯ ಮಾಯುವ ಬಗೆ

ಶಸ್ತ್ರವೈದ್ಯರು ಕೊಯ್ದ ಜಾಗವನ್ನು ಹೊಲಿದ ಮೇಲೆ ಅವರ ಕೆಲಸ ಬಹುಮಟ್ಟಿಗೆ ಮುಗಿಯಿತು. ದೇಹದ ಕೆಲಸವಾದರೋ ಆಗ ಮೊದಲಾಗುತ್ತದೆ. ಹೊಲಿಗೆಯ ದಾರವು ಗಾಯದ ಎರಡು ಅಂಚುಗಳನ್ನು ಹತ್ತಿರ ಹಿಡಿದಿರುತ್ತದೆಯೇ ಹೊರತು ಅವುಗಳನ್ನು ಬೆಸೆಯುವುದಿಲ್ಲ. ಮೊದಲ ಕೆಲವು ದಿನ ರಕ್ತದ ಬಿಳಿಯ ಕಣಗಳು ಅಲ್ಲಿಗೆ ಧಾವಿಸಿ ಬಂದು ರೋಗಾಣುಗಳನ್ನು ಕೊಂದು, ಸತ್ತ ಅಂಶವನ್ನು ತೆಗೆದುಹಾಕುತ್ತವೆ. ಮೂರು ನಾಲ್ಕು ದಿನಗಳಾದ ಮೇಲೆ ಕೊಲಾಜನ್ ಎಂಬ ನಾರಿನಂಥ ವಸ್ತು ಅಲ್ಲಿ ಹುಟ್ಟತೊಡಗುತ್ತದೆ. ಗಾಯವನ್ನು ನಿಜವಾಗಿ ಕೂಡಿಸುವುದು ಈ ನಾರು. ವಾರಗಟ್ಟಲೆ ಅದು ಹೆಣೆದುಕೊಳ್ಳುತ್ತ ಹೋಗುತ್ತದೆ. ಮೂರು ತಿಂಗಳ ಮೇಲೂ ಕೊಯ್ದ ಚರ್ಮಕ್ಕೆ ಮೊದಲಿದ್ದ ಬಲದಲ್ಲಿ ಸುಮಾರು ನೂರಕ್ಕೆ 80 ಪಾಲು ಮಾತ್ರ ಬಂದಿರುತ್ತದೆ.

ಕೊಲಾಜನ್ ಆಗಲಿ, ಬಿಳಿಯ ಕಣಗಳಾಗಲಿ, ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳಾಗಲಿ ಇವೆಲ್ಲಕ್ಕೂ ಮೂಲದ್ರವ್ಯ ಒಂದೇ. ಅದೇ ಸಸಾರಜನಕ, ಇಂದು ಎಲ್ಲರ ಬಾಯಲ್ಲಿಯೂ ಪ್ರೋಟೀನು ಎಂದು ಹೆಸರಾಗಿರುವ ವಸ್ತು. ಇದನ್ನು ಆಹಾರದಿಂದ ಕೊಡದಿದ್ದರೆ ದೇಹವು ಸುಮ್ಮನಿರುವುದಿಲ್ಲ. ತನ್ನ ಮಾಂಸಖಂಡಗಳನ್ನೇ ಕರಗಿಸಿ ಅದನ್ನು ಪಡೆದುಕೊಳ್ಳುತ್ತದೆ.

ಇದನ್ನು ಅಳೆದು ತೋರಿಸಿದವರು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಡೇವಿಡ್ ಕತ್‌ಬರ್ಟ್‌ಸನ್ ಎಂಬ ವಿಜ್ಞಾನಿ. 1930ರ ಸುಮಾರಿನಲ್ಲಿ ಅವರು ಕಾಲಿನ ಮೂಳೆ ಮುರಿದು ಆಸ್ಪತ್ರೆ ಸೇರಿದ್ದ ರೋಗಿಗಳ ಮೂತ್ರವನ್ನು ದಿನದಿನವೂ ಪರೀಕ್ಷಿಸಿದರು. ಪೆಟ್ಟು ಬಿದ್ದ ಮುಂದಿನ ದಿನಗಳಲ್ಲಿ ಮೂತ್ರದೊಡನೆ ಹೊರಗೆ ಹೋಗುವ ಸಾರಜನಕವು ಬಹಳ ಹೆಚ್ಚಿತು. ಮುರಿದ ಕಾಲೊಂದರಿಂದಲೇ ಅಷ್ಟು ಬರುವುದು ಸಾಧ್ಯವಿರಲಿಲ್ಲ. ಇಡೀ ದೇಹದ ಮಾಂಸಖಂಡವೇ ಕರಗುತ್ತಿತ್ತು. ಶಸ್ತ್ರಕ್ರಿಯೆಯೂ ದೇಹದ ಪಾಲಿಗೆ ಒಂದು ಪೆಟ್ಟೇ. ವೈದ್ಯರು ಒಳ್ಳೆಯದಕ್ಕೆ ಕೊಯ್ದರೇ ಎಂಬುದು ದೇಹಕ್ಕೆ ತಿಳಿಯದು. ಆಪತ್ಕಾಲದ ಹಾರ್ಮೋನುಗಳು ರಕ್ತದಲ್ಲಿ ಏರುತ್ತವೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಒಂದು ದಿನದಲ್ಲಿ ಮುಗಿಯುತ್ತದೆ. ಬಳಿಕ ಮಾಂಸಖಂಡಕ್ಕೆ ಕೈಹಚ್ಚುವುದು ಮೊದಲಾಗುತ್ತದೆ.

ಮಾಂಸಖಂಡ ಕರಗಿದರೆ ಏನಾಯಿತು, ಆಮೇಲೆ ತುಂಬಿಕೊಂಡೀತು ಎನ್ನಬಹುದು. ಉಸಿರಾಡುವುದೂ ಮಾಂಸಖಂಡದಿಂದಲೇ, ಕೆಮ್ಮಿ ಕಫ ಹೊರಹಾಕುವುದೂ ಅದರಿಂದಲೇ ಎಂಬುದನ್ನು ಮರೆಯಬಾರದು. ಕೆಮ್ಮುವ ಶಕ್ತಿ ಕುಂದಿದ ರೋಗಿಗೆ ಶ್ವಾಸಕೋಶದಲ್ಲಿ ಕಫ ನಿಂತು ನ್ಯುಮೋನಿಯ ಆಗುವ ಭಯವಿದೆ. ಎದ್ದು ನಡೆದಾಡಲಾರದೆ ಮಲಗಿದವರಿಗೆ ಬೆನ್ನುಹುಣ್ಣು ಬರುತ್ತದೆ. ಶಸ್ತ್ರಕ್ರಿಯೆ ಚೆನ್ನಾಗಿಯೇ ಆಗಿತ್ತು, ಆದರೂ ರೋಗಿ ಚೇತರಿಸಿಕೊಳ್ಳಲಿಲ್ಲ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇಂಥ ಕಾರಣವೇ.

ಗಂಜಿಯ ಲೆಕ್ಕ

ಈಗ ಸ್ವಲ್ಪ ಲೆಕ್ಕ ಹಾಕೋಣ. ಶಸ್ತ್ರಚಿಕಿತ್ಸೆಯಾದವರಿಗೆ ದೇಹದ ತೂಕದ ಪ್ರತಿಯೊಂದು ಕಿಲೋವಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಸಸಾರಜನಕವೂ, 25ರಿಂದ 30 ಕ್ಯಾಲರಿ ಶಕ್ತಿಯೂ ಬೇಕೆಂದು ಇಂದಿನ ತಜ್ಞರು ಹೇಳುತ್ತಾರೆ. ಅಂದರೆ 60 ಕಿಲೋ ತೂಗುವ ವ್ಯಕ್ತಿಗೆ ದಿನಕ್ಕೆ 72ರಿಂದ 90 ಗ್ರಾಂ ಸಸಾರಜನಕ ಮತ್ತು 1500ರಿಂದ 1800 ಕ್ಯಾಲರಿ.

ಒಂದು ಬಟ್ಟಲು ತೆಳ್ಳನೆಯ ಗಂಜಿಗೆ ಬೀಳುವ ಅಕ್ಕಿ ಸುಮಾರು 30 ಗ್ರಾಂ. ಅದರಿಂದ ದೊರೆಯುವುದು 100 ಕ್ಯಾಲರಿ, 2 ಗ್ರಾಂ ಸಸಾರಜನಕ. ದಿನಕ್ಕೆ ಐದು ಬಟ್ಟಲು ಕುಡಿಸಿದರೂ 500 ಕ್ಯಾಲರಿ, 10 ಗ್ರಾಂ ಸಸಾರಜನಕ. ಬೇಕಾದುದರ ಏಳರಲ್ಲಿ ಒಂದು ಪಾಲು! ಸಾಬಕ್ಕಿಯಂತೂ ಬರಿಯ ಪಿಷ್ಟ. ಅದರಲ್ಲಿ ಸಸಾರಜನಕ ಇಲ್ಲವೆಂದೇ ಹೇಳಬೇಕು. ಎಳನೀರು ಒಳ್ಳೆಯದೇ, ಆದರೆ ಅದು ನೀರು ಮತ್ತು ಲವಣ, ಊಟವಲ್ಲ.

‘ಸಲೈನ್ ಹಚ್ಚಿದ್ದಾರಲ್ಲ, ಅದರಲ್ಲಿ ಎಲ್ಲ ಶಕ್ತಿಯೂ ಇರುತ್ತದೆ’ ಎಂಬ ಸಮಾಧಾನ ಹಲವರಿಗಿದೆ. ಸಾಮಾನ್ಯ ಸಲೈನ್ ಎಂಬುದು ಉಪ್ಪುನೀರು; ಅದರಲ್ಲಿ ಒಂದು ಕ್ಯಾಲರಿಯೂ ಇಲ್ಲ. ನೂರಕ್ಕೆ 5ರ ಪ್ರಮಾಣದ ಡೆಕ್ಸ್‌ಟ್ರೋಸ್ ದ್ರಾವಣದ ಒಂದು ಲೀಟರಿನಲ್ಲಿ 50 ಗ್ರಾಂ ಸಕ್ಕರೆಯಿರುತ್ತದೆ. ಅದು 200 ಕ್ಯಾಲರಿಗೂ ಮೀರದು, ಸಸಾರಜನಕ ಶೂನ್ಯ. ನರದ ಮೂಲಕವೇ ಪೂರ್ಣ ಆಹಾರ ಕೊಡುವ ವಿಧಾನ ಬೇರೆಯೇ ಇದೆ. ಅಮೆರಿಕದ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಅವರ ಸಂಗಡಿಗರು 1968ರ ಹೊತ್ತಿಗೆ ಅದನ್ನು ಸಾಧಿಸಿ ತೋರಿಸಿದರು. ಕರುಳು ಕೆಲಸ ಮಾಡದ ರೋಗಿಗಳಿಗೆ ಅದು ಜೀವದಾನ. ಅದರ ಬೆಲೆಯೂ ಹೆಚ್ಚು, ಸೋಂಕಿನ ಅಪಾಯವೂ ಉಂಟು. ಆದುದರಿಂದ ಕರುಳು ಕೆಲಸ ಮಾಡುತ್ತಿರುವವರಿಗೆ ಬಾಯಿಂದ, ಬಾಯಿಂದ ಆಗದಿದ್ದರೆ ನಳಿಗೆಯಿಂದ ಹೊಟ್ಟೆಗೇ ಆಹಾರ ಕೊಡುವುದು ಮೇಲೆಂದು ವೈದ್ಯರು ಭಾವಿಸುತ್ತಾರೆ.

ನಂಜಿನ ಭಯ

ಬೇಳೆ ತಿಂದರೆ ಗಾಯದಲ್ಲಿ ಕೀವು ತುಂಬುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಬದನೆಕಾಯಿ, ಆಲೂಗಡ್ಡೆ, ಮೊಟ್ಟೆ, ಮೀನು ಇವುಗಳಿಗೂ ಇದೇ ಅಪವಾದ. ಕೀವು ಆಗುವುದು ಗಾಯಕ್ಕೆ ರೋಗಾಣು ಸೇರಿದಾಗ, ಬೇಳೆಯಿಂದಲ್ಲ. ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿ ರೋಗಾಣುಗಳನ್ನು ತಡೆಯುವ ಕ್ರಮವನ್ನು ಜೋಸೆಫ್ ಲಿಸ್ಟರ್ ಪ್ರಕಟಿಸಿದ್ದು 1867ರಲ್ಲಿ. ಅದಕ್ಕೆ ಮೊದಲು ಬಹುಪಾಲು ಗಾಯಗಳಲ್ಲಿ ಕೀವು ಆಗಿಯೇ ಆಗುತ್ತಿತ್ತು. ಕಾಣದ ರೋಗಾಣುವನ್ನು ದೂರಲಾರದ ಕಾಲದಲ್ಲಿ ಜನರು ಕಣ್ಣಿಗೆ ಕಂಡ ಊಟವನ್ನು ದೂರಿದ್ದರೆ ಆಶ್ಚರ್ಯವೇನೂ ಇಲ್ಲ. ಕಾರಣ ತಿಳಿದ ಮೇಲೂ ದೂರುತ್ತಿದ್ದರೆ ಮಾತ್ರ ನಷ್ಟ ರೋಗಿಗೆ. ಯಾವುದಾದರೊಂದು ಪದಾರ್ಥ ತಿಂದಾಗ ಯಾರಿಗಾದರೂ ಮೈ ಕಡಿತ, ದದ್ದು ಬರುವುದು ಮೊದಲಿನಿಂದ ಇದ್ದರೆ ಅವರು ಅದನ್ನು ಬಿಡುವುದು ಸರಿಯೇ. ಅದು ಬೇರೆ ಸಂಗತಿ.

‘ಲಂಘನಂ ಪರಮೌಷಧಂ’ ಎಂಬ ಮಾತನ್ನು ಕೆಲವರು ಮುಂದೆ ತರುತ್ತಾರೆ. ಆದರೆ ನಮ್ಮ ಪ್ರಾಚೀನ ಶಸ್ತ್ರವೈದ್ಯ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಗಾಯಗೊಂಡವನ ಆರೈಕೆಗೆಂದೇ ಒಂದು ಅಧ್ಯಾಯವಿದೆ. ಅಲ್ಲಿ ಕೆಲವು ಪದಾರ್ಥಗಳಿಗೆ ನಿಷೇಧವಿರುವುದು ನಿಜ; ಹುರುಳಿ, ಉದ್ದು ಆ ಪಟ್ಟಿಯಲ್ಲಿವೆ. ಆದರೆ ಅದೇ ಅಧ್ಯಾಯವು ಹಳೆಯ ಅಕ್ಕಿಯ ಬಿಸಿಯನ್ನವನ್ನು ತುಪ್ಪ ಸೇರಿಸಿ, ಕಾಡುಪ್ರಾಣಿಯ ಮಾಂಸದೊಡನೆ, ಮಿತವಾಗಿ ಉಣ್ಣಬೇಕೆಂದೂ ಹೇಳುತ್ತದೆ. ಹೆಸರುಬೇಳೆ, ದಾಳಿಂಬೆ, ನೆಲ್ಲಿಕಾಯಿಗಳನ್ನು ಒಪ್ಪುತ್ತದೆ. ಗಾಯಗೊಂಡವನನ್ನು ಬರಿಯ ಗಂಜಿಯ ಮೇಲೆ ಇಡುವುದು ಅಲ್ಲಿಯ ಅಭಿಪ್ರಾಯವಲ್ಲ.

ಜೀವಸತ್ವಗಳ ವಿಷಯದಲ್ಲಿ ಒಂದು ವಿಚಿತ್ರ ಪ್ರಯೋಗದ ಕಥೆಯಿದೆ. ಬಾಸ್ಟನ್ನಿನ ಜಾನ್ ಕ್ರ್ಯಾಂಡನ್ ಎಂಬ ತರುಣ ಶಸ್ತ್ರವೈದ್ಯರು 1939ರಲ್ಲಿ ‘ಸಿ’ ಜೀವಸತ್ವವಿಲ್ಲದ ಆಹಾರವನ್ನು ತಾವೇ ಆರು ತಿಂಗಳ ಕಾಲ ತಿಂದರು. ಮೂರು ತಿಂಗಳಾದಾಗ ಬೆನ್ನಿನ ಮೇಲೆ ಮಾಡಿಸಿಕೊಂಡ ಗಾಯ ಸರಿಯಾಗಿ ಮಾಯಿತು. ಆರು ತಿಂಗಳ ಮೇಲೆ ಮಾಡಿಸಿಕೊಂಡ ಗಾಯವು ಹತ್ತು ದಿನ ಕಳೆದರೂ ಚರ್ಮದ ಕೆಳಗೆ ಕೂಡಿಕೊಳ್ಳಲೇ ಇಲ್ಲ. ‘ಸಿ’ ಜೀವಸತ್ವವನ್ನು ಕೊಡತೊಡಗಿದ ಮೇಲೆ ಹತ್ತು ದಿನಗಳಲ್ಲಿ ಚೆನ್ನಾಗಿ ಕೂಡಿಕೊಂಡಿತು. ಕೊಲಾಜನ್ ನಾರು ಗಟ್ಟಿಯಾಗಲು ಈ ಜೀವಸತ್ವ ಬೇಕೇ ಬೇಕು. ದೇಶಾಂತರದ ಹಣ್ಣನ್ನು ಹುಡುಕಬೇಕಾಗಿಲ್ಲ. ಒಂದು ಪೇರಲಹಣ್ಣು ದಿನದ ಅಗತ್ಯವನ್ನು ಪೂರೈಸುತ್ತದೆ, ನೆಲ್ಲಿಕಾಯಿ ಅದಕ್ಕಿಂತಲೂ ಮಿಗಿಲು. ಕುದಿಸಿದರೆ ಈ ಸತ್ವ ನಾಶವಾಗುವುದರಿಂದ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು.

ಶಸ್ತ್ರಚಿಕಿತ್ಸೆಗೆ ಮೊದಲು

ಚೇತರಿಕೆಯ ಸಿದ್ಧತೆ ಶಸ್ತ್ರಚಿಕಿತ್ಸೆಗೆ ಮೊದಲೇ ಆಗಬೇಕು. 1936ರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಶಸ್ತ್ರವೈದ್ಯ ಹೈರಮ್ ಸ್ಟಡ್ಲಿ ಅವರು ಹೊಟ್ಟೆಯ ಹುಣ್ಣಿಗೆ ಶಸ್ತ್ರಕ್ರಿಯೆಯಾದ 46 ರೋಗಿಗಳ ವಿವರವನ್ನು ಪ್ರಕಟಿಸಿದರು. ಮೊದಲೇ ತಮ್ಮ ತೂಕದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂರರಲ್ಲಿ ಒಬ್ಬರಂತೆ ತೀರಿಕೊಂಡಿದ್ದರು. ಅಷ್ಟು ಕಳೆದುಕೊಳ್ಳದವರಲ್ಲಿ ತೀರಿಕೊಂಡವರು ನೂರಕ್ಕೆ 3.5. ಕಾಯಿಲೆ ಅದೇ, ಚಿಕಿತ್ಸೆಯೂ ಅದೇ. ಇಷ್ಟು ದೊಡ್ಡ ವ್ಯತ್ಯಾಸ ಕಂಡದ್ದು ತೂಕದಲ್ಲಿ.

ಆದುದರಿಂದ ರೋಗಿಯ ತೂಕವನ್ನು ಬರೆದಿಡುವುದು ಒಳ್ಳೆಯದು. ತಾನಾಗಿ ಇಳಿಸದೆ ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ತೂಕ ಇಳಿದಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ತೀರ ಸೊರಗಿದ ರೋಗಿಗೆ ಒಂದೆರಡು ವಾರ ಚೆನ್ನಾಗಿ ಪೋಷಣೆ ಕೊಟ್ಟು ಅನಂತರ ಶಸ್ತ್ರಕ್ರಿಯೆ ಮಾಡುವುದನ್ನು ಇಂದಿನ ವೈದ್ಯರು ಒಪ್ಪುತ್ತಾರೆ. ತುರ್ತಿನ ಸಂದರ್ಭದಲ್ಲಿ ಮಾತ್ರ ಅದು ಸಾಧ್ಯವಾಗದು. ಬಹುದಿನ ಹಸಿದು ಕೃಶರಾದವರಿಗೆ ಒಮ್ಮೆಲೇ ಹೊಟ್ಟೆ ತುಂಬ ಉಣಿಸಿದರೆ ರಕ್ತದ ಲವಣಗಳು ಏರುಪೇರಾಗಿ ಪ್ರಾಣಕ್ಕೇ ಅಪಾಯ ಬರಬಹುದು. ಅಂಥವರಿಗೆ ವೈದ್ಯರ ಕಣ್ಣೆದುರಿನಲ್ಲಿಯೇ ಮೆಲ್ಲಮೆಲ್ಲನೆ ಹೆಚ್ಚಿಸಬೇಕು.

ರಕ್ತಹೀನತೆಯೂ ಇಂಥದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ದಿನ ಗೊತ್ತುಮಾಡಿದ ಶಸ್ತ್ರಕ್ರಿಯೆಯಾಗಿದ್ದರೆ ಮೊದಲೇ ಪರೀಕ್ಷೆ ಮಾಡಿಸಿ ಕಬ್ಬಿಣದ ಗುಳಿಗೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಳ್ಳಲು ಕಾಲಾವಕಾಶವಿರುತ್ತದೆ.

ಹಿಂದಿನ ರಾತ್ರಿಯ ಉಪವಾಸದ ವಿಷಯ. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದುದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಇದನ್ನು 1946ರಲ್ಲಿ ನ್ಯೂಯಾರ್ಕಿನ ಕರ್ಟಿಸ್ ಮೆಂಡೆಲ್ಸನ್ ಹೆರಿಗೆಯ ರೋಗಿಗಳಲ್ಲಿ ವಿವರಿಸಿದರು. ಮಧ್ಯರಾತ್ರಿಯಿಂದ ಒಂದು ಗುಟುಕು ನೀರೂ ಕೂಡದು ಎಂಬ ಕಟ್ಟಳೆ ಬಳಿಕ ಎಲ್ಲೆಡೆಯೂ ಬಲವಾಯಿತು. ತಿಳಿನೀರು ಹೊಟ್ಟೆಯಿಂದ ಬೇಗ ಇಳಿದುಹೋಗುತ್ತದೆ ಎಂಬುದು ಮುಂದೆ ಸ್ಪಷ್ಟವಾದುದರಿಂದ, ಹಗುರಾದ ಆಹಾರಕ್ಕೂ ಹಾಲಿಗೂ ಆರು ಗಂಟೆ, ತಿಳಿನೀರಿಗೆ ಎರಡು ಗಂಟೆ ಎಂಬ ನಿಯಮವನ್ನು 1999ರಲ್ಲಿ ಅಮೆರಿಕದ ಅರಿವಳಿಕೆ ತಜ್ಞರ ಸಂಘವು ಸೂಚಿಸಿತು. ಮಧುಮೇಹದವರಿಗೂ ಹೊಟ್ಟೆಯ ತೊಂದರೆಯಿರುವವರಿಗೂ ಇದು ಬೇರೆಯಾಗಬಹುದು. ಆದಕಾರಣ ಅರಿವಳಿಕೆ ವೈದ್ಯರನ್ನು ಕೇಳಿಯೇ ನಡೆಯಬೇಕು. ಪಾಪ, ಹಸಿದಿದ್ದಾರೆ ಎಂದು ಕದ್ದು ಒಂದು ಲೋಟ ಹಾಲು ಕೊಡುವ ಕರುಣೆಯಷ್ಟು ಅಪಾಯಕರವಾದದ್ದು ಬೇರೆಯಿಲ್ಲ.

ಶಸ್ತ್ರಚಿಕಿತ್ಸೆಯ ಅನಂತರ

ಹೊಟ್ಟೆಯ ಶಸ್ತ್ರಕ್ರಿಯೆಯಾದ ಮೇಲೆ ವಾಯು ಸರಿಯುವ ತನಕ ಏನನ್ನೂ ಕೊಡಕೂಡದು ಎಂಬುದು ಬಹುಕಾಲ ನಡೆದುಬಂದ ಪದ್ಧತಿ. ಡೆನ್ಮಾರ್ಕಿನ ಹೆನ್ರಿಕ್ ಕೆಹ್ಲೆಟ್ ಅವರು 1990ರ ದಶಕದಲ್ಲಿ ಇದನ್ನು ಪ್ರಶ್ನಿಸಿ, ರೋಗಿಗಳನ್ನು ಬೇಗ ಎಬ್ಬಿಸಿ ನಡೆಸುವುದು, ಬೇಗ ಉಣಿಸುವುದು, ನೋವನ್ನು ಸರಿಯಾಗಿ ತಗ್ಗಿಸುವುದು ಈ ಮೂರನ್ನೂ ಕೂಡಿಸಿದರು. ರೋಗಿಗಳು ಬೇಗ ಮನೆಗೆ ಹೋಗುವಂತಾಯಿತು. ಇಂದು ಕರುಳಿನ ಎಷ್ಟೋ ಶಸ್ತ್ರಕ್ರಿಯೆಗಳಲ್ಲಿಯೂ ಒಂದು ದಿನದೊಳಗಾಗಿ ಬಾಯಿಂದ ಆಹಾರ ಕೊಡತೊಡಗುತ್ತಾರೆ. ಅನ್ನನಾಳ, ಜಠರ, ಮೇದೋಜೀರಕ ಗ್ರಂಥಿ ಮೊದಲಾದವುಗಳ ಶಸ್ತ್ರಕ್ರಿಯೆಗಳಲ್ಲಿ ಮಾತ್ರ ಎಂದು, ಯಾವುದನ್ನು, ಎಷ್ಟು ಎಂಬುದನ್ನು ಶಸ್ತ್ರವೈದ್ಯರೇ ಹೇಳಬೇಕು.

ಮೊದಲ ದಿನ ಗಂಜಿಯಿಂದಲೇ ಆರಂಭವಾಗಲಿ, ಅದರಲ್ಲಿ ತಪ್ಪಿಲ್ಲ. ವೈದ್ಯರು ಸಾಧಾರಣ ಊಟಕ್ಕೆ ಅಪ್ಪಣೆ ಕೊಟ್ಟ ಮೇಲೂ ಗಂಜಿಯಲ್ಲಿಯೇ ನಿಲ್ಲಿಸುವುದು ತಪ್ಪು. 60 ಕಿಲೋ ತೂಕದವರಿಗೆ ಒಂದು ದಿನದ ಊಟ ಹೀಗಿರಬಹುದು: ಹಾಲು ಅರ್ಧ ಲೀಟರು, ಅದರಿಂದ 16 ಗ್ರಾಂ ಸಸಾರಜನಕ, ಮೊಸರು ಒಂದು ದೊಡ್ಡ ಬಟ್ಟಲು, 6 ಗ್ರಾಂ, ತೊಗರಿ ಅಥವಾ ಹೆಸರುಬೇಳೆ 75 ಗ್ರಾಂ ಬೇಯಿಸಿದ ಗಟ್ಟಿ ತೊವ್ವೆ, 16 ಗ್ರಾಂ, ಮೊಟ್ಟೆ ಎರಡು, 12 ಗ್ರಾಂ, ತಿನ್ನದವರಿಗೆ 50 ಗ್ರಾಂ ಪನೀರು, 9 ಗ್ರಾಂ, ಹುರಿಗಡಲೆ ಹಿಟ್ಟು 30 ಗ್ರಾಂ, 6 ಗ್ರಾಂ, ಶೇಂಗಾ ಒಂದು ಹಿಡಿ, 6 ಗ್ರಾಂ, ಅಕ್ಕಿ, ಗೋದಿ, ರಾಗಿ ಎಲ್ಲ ಸೇರಿ 200 ಗ್ರಾಂ, 16 ಗ್ರಾಂ. ಒಟ್ಟು 75ರಿಂದ 78 ಗ್ರಾಂ. ಮಾಂಸ, ಮೀನು ಉಣ್ಣುವ ಮನೆಗಳಲ್ಲಿ ಈ ಕೆಲಸ ಇನ್ನೂ ಸುಲಭ. ಇದರಲ್ಲಿ ನಮ್ಮ ಅಡುಗೆಮನೆಯಲ್ಲಿ ಇಲ್ಲದ ವಸ್ತು ಯಾವುದಿದೆ? ಬೆಲೆಬಾಳುವ ಪ್ರೋಟೀನ್ ಪುಡಿಯ ಡಬ್ಬಿಗಳನ್ನು ವೈದ್ಯರು ಬರೆದುಕೊಟ್ಟಾಗ ತರಬೇಕು. ಹಸಿವಿಲ್ಲದವರಿಗೆ, ನುಂಗಲಾಗದವರಿಗೆ ಅವು ಉಪಯುಕ್ತ. ಸಾಲ ಮಾಡಿ ತಂದು ಬೇಳೆಯನ್ನು ನಿಲ್ಲಿಸುವುದರಲ್ಲಿ ಅರ್ಥವಿಲ್ಲ.

ರೋಗಿಗೆ ಹಸಿವು ಕಡಿಮೆ, ವಾಕರಿಕೆಯೂ ಇರಬಹುದು. ಮೂರು ದೊಡ್ಡ ಊಟಗಳ ಬದಲು ಆರು ಸಣ್ಣ ಊಟಗಳನ್ನು ಕೊಡಬೇಕು. ತಿಳಿಸಾರಿಗಿಂತ ತೊವ್ವೆಯನ್ನೂ, ಬರಿಯ ಗಂಜಿಗಿಂತ ಹಾಲು ಅಥವಾ ಹುರಿಗಡಲೆ ಹಿಟ್ಟು ಬೆರೆಸಿದ ಗಂಜಿಯನ್ನೂ ಮೊದಲು ಬಡಿಸಬೇಕು. ಹೊಟ್ಟೆ ತುಂಬುವ ಮುನ್ನ ಸತ್ವ ಒಳಗೆ ಹೋಗಿರುತ್ತದೆ. ಉಂಡ ಮೇಲೆ ವೈದ್ಯರು ಹೇಳಿದಷ್ಟು ನಡೆದಾಡಿಸಬೇಕು. ಮಲಗಿದಲ್ಲಿಯೇ ಇದ್ದರೆ ಉಂಡದ್ದು ಮಾಂಸಖಂಡವಾಗುವುದಿಲ್ಲ. ಮಧುಮೇಹದವರಿಗೆ ಗ್ಲೂಕೋಸ್ ಪುಡಿ, ಸಿಹಿ ಪಾನಕ ಕುಡಿಸಬಾರದು. ರಕ್ತದಲ್ಲಿ ಸಕ್ಕರೆ ಏರಿದರೆ ಬಿಳಿಯ ಕಣಗಳ ಶಕ್ತಿ ಕುಗ್ಗಿ ಗಾಯ ತಡವಾಗುತ್ತದೆ. ಮೂತ್ರಪಿಂಡ ಅಥವಾ ಯಕೃತ್ತಿನ ರೋಗವಿದ್ದವರಿಗೆ ಮೇಲಿನ ಲೆಕ್ಕ ಅನ್ವಯಿಸದು. ಅವರು ವೈದ್ಯರಿಂದ ಬೇರೆ ಲೆಕ್ಕ ಪಡೆಯಬೇಕು.

ಸ್ತ್ರೀಯರ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಸಿಸೇರಿಯನ್ ಹೆರಿಗೆಯೂ ದೊಡ್ಡ ಶಸ್ತ್ರಕ್ರಿಯೆಯೇ. ಬಾಣಂತಿಗೆ ನೀರನ್ನೂ ಅಳೆದು ಕೊಡುವ ಪಥ್ಯವಿರುವ ಮನೆಗಳಲ್ಲಿ ಅವಳು ಗಾಯವನ್ನೂ ಮಾಯಿಸಿಕೊಳ್ಳಬೇಕು, ಮಗುವಿಗೆ ಹಾಲನ್ನೂ ಕೊಡಬೇಕು. ಗರ್ಭಕೋಶ ತೆಗೆಸಿಕೊಂಡು ಮನೆಗೆ ಬಂದ ಗೃಹಿಣಿಯು ವಾರ ಕಳೆಯುವುದರೊಳಗೆ ಎಲ್ಲರಿಗೂ ಬಡಿಸಿ, ಉಳಿದುದನ್ನು ತಾನು ಉಣ್ಣುವವಳಾಗುತ್ತಾಳೆ. ಉಳಿಯುವುದು ಅನ್ನ ಮತ್ತು ಸಾರು. ತೊವ್ವೆ, ಹಾಲು ಆ ಹೊತ್ತಿಗೆ ಮುಗಿದಿರುತ್ತವೆ. ಆರು ವಾರಗಳಾದರೂ ಅವಳ ತಟ್ಟೆಯನ್ನು ಮೊದಲು ಬಡಿಸುವುದು ಮನೆಯವರ ಕರ್ತವ್ಯ.

1974ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬಟರ್‌ವರ್ತ್ ಅವರು ಆಸ್ಪತ್ರೆಗಳ ಒಳಗೇ ರೋಗಿಗಳು ಯಾರ ಗಮನಕ್ಕೂ ಬಾರದೆ ಸೊರಗುತ್ತಿರುವುದನ್ನು ಎತ್ತಿತೋರಿಸಿದರು. ತಟ್ಟೆ ಬಂದದ್ದನ್ನು ಎಲ್ಲರೂ ನೋಡುತ್ತಾರೆ, ಅದು ಹಾಗೆಯೇ ಹಿಂದಕ್ಕೆ ಹೋದದ್ದನ್ನು ಯಾರೂ ನೋಡುವುದಿಲ್ಲ. ರೋಗಿಯ ಬಳಿ ಕೂಡುವ ನಮ್ಮವರು ಒಂದು ಸಣ್ಣ ಪುಸ್ತಕದಲ್ಲಿ ಯಾವ ಹೊತ್ತಿಗೆ ಏನು ಬಂತು, ಎಷ್ಟು ಹೊಟ್ಟೆಗೆ ಹೋಯಿತು ಎಂದು ಬರೆದಿಟ್ಟು, ಸುತ್ತು ಬರುವ ವೈದ್ಯರಿಗೆ ತೋರಿಸಿದರೆ ಅವರಿಗೂ ಅನುಕೂಲ. ಹಾಗೆಯೇ ಮೂರು ಪ್ರಶ್ನೆಗಳನ್ನು ಕೇಳಿಡಬೇಕು: ಎಂದಿನಿಂದ ಊಟ ಕೊಡಬಹುದು? ಯಾವುದನ್ನು ಕೊಡಲೇಬಾರದು, ಎಷ್ಟು ದಿನ? ಉಣ್ಣಲಾಗದಿದ್ದರೆ ಏನು ಮಾಡಬೇಕು? ಆಸ್ಪತ್ರೆಯಲ್ಲಿ ಆಹಾರತಜ್ಞರಿದ್ದರೆ ಅವರನ್ನೂ ಕಾಣಬೇಕು.

ಆಸ್ಪತ್ರೆಯಲ್ಲಿರುವ ನಮ್ಮೂರಿನವರನ್ನು ನೋಡಲು ಹೋಗುವಾಗ ಬಿಸ್ಕತ್ತಿನ ಪೊಟ್ಟಣವನ್ನೋ ಗ್ಲೂಕೋಸ್ ಡಬ್ಬಿಯನ್ನೋ ಒಯ್ಯುವುದು ರೂಢಿ. ಅಲ್ಲಿಯ ದಾದಿಯರನ್ನು ಕೇಳಿಕೊಂಡು, ಅವರು ಒಪ್ಪಿದರೆ, ಅದರ ಬದಲು ಬಿಸಿಯಾದ ತೊವ್ವೆ ಅನ್ನದ ಡಬ್ಬಿಯೊಂದನ್ನೂ ಎರಡು ಪೇರಲಹಣ್ಣನ್ನೂ ಒಯ್ಯಬೇಕೆಂದು ವಾಚಕ ಬಂಧುಗಳಲ್ಲಿ ನಮ್ಮ ಪ್ರಾರ್ಥನೆ. ಪರಸ್ಥಳದಲ್ಲಿ ಮಲಗಿರುವ ರೋಗಿಗೆ ಮನೆಯ ಊಟದ ರುಚಿಯೂ ಸಿಕ್ಕಿತು, ಗಾಯಕ್ಕೆ ಬೇಕಾದ ಸಸಾರಜನಕವೂ ಸಿಕ್ಕಿತು.